ಮಂಗಳೂರಿನ ಫ್ಲ್ಯಾಟಿಗೆ ಹೊಸಬರು: ಹಬ್ಬದ ರಜೆಯಲ್ಲಿ ಮಕ್ಕಳಿಗೆ ಯಾವ ಕೈಕೆಲಸ, ನೆರೆಮನೆಗೆ ಯಾವ ಅಡುಗೆ?

ಹಲಸಿನ ಎಲೆಯಿಂದ ಶುರು ಮಾಡಿ.

ದಾವಣಗೆರೆಯಿಂದ ವರ್ಗವಾಗಿ ಮಂಗಳೂರಿಗೆ ಬಂದಿದ್ದೇವೆ, ಅಕ್ಕಪಕ್ಕದವರು ಲಿಫ್ಟಿನಲ್ಲಿ ಸಿಕ್ಕಿದರೆ ನಗುತ್ತಾರೆ, ಅಷ್ಟರಲ್ಲೇ ಇದ್ದೇವೆ ಅಂತ ಬರೆದಿದ್ದೀರಿ. ಹಬ್ಬದ ರಜೆಯಲ್ಲಿ ಇಬ್ಬರು ಸಣ್ಣ ಮಕ್ಕಳ ಕೈಯಲ್ಲಿ ಖರ್ಚಿಲ್ಲದ ಏನಾದರೂ ಮಾಡಿಸಬೇಕು, ಮನೆಯಲ್ಲಿ ಮಾಡಿದ್ದನ್ನು ನೆರೆಯವರಿಗೆ ಕೊಟ್ಟು ಪರಿಚಯವನ್ನೂ ಮಾಡಿಕೊಳ್ಳಬೇಕು ಎಂದು ಕೇಳಿದ್ದೀರಿ. ಹಲಸಿನ ಎಲೆಯ ಬಟ್ಟಲಿಗೆ, ಅಂದರೆ ಕೊಟ್ಟೆಗೆ, ಇಡ್ಲಿ ಹಿಟ್ಟು ತುಂಬಿಸಿ ಹಬೆಯಲ್ಲಿ ಬೇಯಿಸುವ ಕೊಟ್ಟೆ ಕಡುಬಿನಲ್ಲಿ ಈ ಎರಡೂ ಕೆಲಸ ಒಟ್ಟಿಗೆ ಆಗುತ್ತದೆ. ಕೊಟ್ಟೆ ಕಟ್ಟುವುದು ಮಕ್ಕಳ ಕೈಕೆಲಸ, ಅದರಲ್ಲಿ ಬೆಂದದ್ದು ನೆರೆಮನೆಗೆ ಹೋಗುವ ತಿಂಡಿ. ತುಳು ಮಾತಾಡುವವರು ಗುಂಡ ಅನ್ನುತ್ತಾರೆ, ಕೊಂಕಣಿ ಮನೆಗಳಲ್ಲಿ ಖೊಟ್ಟೆ. ಅಷ್ಟಮಿ, ಚೌತಿಯ ಹೊತ್ತಿಗೆ ಈ ಕರಾವಳಿಯಲ್ಲಿ ಇದು ಬೇಯದ ಬೀದಿ ಇಲ್ಲ. ಹಬ್ಬ ಇಲ್ಲದ ದಿನ ಮಾಡಿದರೂ ಯಾರೂ ಬೇಡ ಅನ್ನುವುದಿಲ್ಲ.

ಎಲೆಗೆ ಎಲ್ಲಿ ಹೋಗುವುದು? ವಾಚ್‌ಮನ್ ಹತ್ತಿರ ಕೇಳಿ. ಮಂಗಳೂರಿನಲ್ಲಿ ಎಷ್ಟು ಕಟ್ಟಡ ಎದ್ದರೂ ಕಾಂಪೌಂಡಿನ ಆಚೆ ಯಾರದ್ದೋ ಹಿತ್ತಲಲ್ಲಿ ಒಂದು ಹಲಸಿನ ಮರ ಇರುತ್ತದೆ. ಆ ಮನೆಯವರ ಹತ್ತಿರ ನೀವೇ ಹೋಗಿ ಕೇಳಿ ಕೊಯ್ಯಿರಿ. ಹಬೆಯಿಂದ ಇಳಿಸಿದ ಮೊದಲ ಕಡುಬು ಅವರಿಗೇ ಹೋಗಲಿ. ನಿಮ್ಮ ಮೊದಲ ಪರಿಚಯ ಅಲ್ಲೇ ಆಯಿತು ಅಂತ ಇಟ್ಟುಕೊಳ್ಳಿ.

ಒಂದು ಕೊಟ್ಟೆಗೆ ನಾಲ್ಕು ಎಲೆ. ತೀರಾ ಎಳೆಯದು ಬೇಡ, ಬಲಿತು ದಪ್ಪವಾದದ್ದೂ ಬೇಡ, ನಡುವಿನದು ಬೇಕು. ಕೊಯ್ದ ಮೇಲೆ ಸ್ವಲ್ಪ ಹೊತ್ತು ಬಾಡಲು ಬಿಟ್ಟರೆ ಮಡಚುವಾಗ ಸೀಳುವುದಿಲ್ಲ. ನಾಲ್ಕೂ ಎಲೆಗಳ ತುದಿ ನಡುವೆ ಒಂದರ ಮೇಲೊಂದು ಬರುವಂತೆ, ಲೆಕ್ಕದ ಕೂಡುವ ಗುರುತಿನ ಆಕಾರದಲ್ಲಿ ಇಡಿ. ತೆಂಗಿನ ಗರಿಯ ಕಡ್ಡಿಯನ್ನು ಸಣ್ಣಸಣ್ಣ ತುಂಡು ಮಾಡಿಕೊಂಡು, ತುದಿಗಳು ಸೇರಿದಲ್ಲಿ ಒಮ್ಮೆ ಕೆಳಗೆ ಒಮ್ಮೆ ಮೇಲೆ ಹೊಲಿಗೆಯ ಹಾಗೆ ಚುಚ್ಚಿ. ಆಮೇಲೆ ಪಕ್ಕಪಕ್ಕದ ಎರಡು ಎಲೆಗಳನ್ನು ಎತ್ತಿ, ಅಂಚಿನ ಮೇಲೆ ಅಂಚು ಹಿಡಿದು ಮತ್ತೊಂದು ಕಡ್ಡಿ ಹಾಕಿ. ನಾಲ್ಕು ಬದಿಯೂ ಮುಗಿದರೆ ಲೋಟದಷ್ಟು ಎತ್ತರದ ಕೊಟ್ಟೆ ನಿಲ್ಲುತ್ತದೆ. ಮಗು ಕಟ್ಟಿದ್ದನ್ನು ಬೆಳಕಿಗೆ ಹಿಡಿದು ನೋಡಿ. ಕೂದಲೆಳೆಯಷ್ಟು ಸಂದಿ ಇದ್ದರೆ ಚಿಂತೆಯಿಲ್ಲ, ಹಿಟ್ಟು ದಪ್ಪ ಇರುವ ಕಾರಣ ಸೋರುವುದಿಲ್ಲ. ಅದಕ್ಕಿಂತ ದೊಡ್ಡದಾದರೆ ಒಳಗೆ ಒಂದು ಎಲೆಚೂರು ಇಟ್ಟರಾಯಿತು. ದೊಡ್ಡ ಮಗು ಕಡ್ಡಿ ಚುಚ್ಚಲಿ, ಸಣ್ಣದು ಎಲೆ ಒರೆಸಿ ನಾಲ್ಕು ನಾಲ್ಕಾಗಿ ಜೋಡಿಸಿ ಕೊಡಲಿ.

ಹಿಟ್ಟು ನಿಮಗೆ ಗೊತ್ತಿರುವುದೇ: ಒಂದು ಲೋಟ ಉದ್ದು ನೆನೆಸಿ ನುಣ್ಣಗೆ ಉಬ್ಬುವಂತೆ ರುಬ್ಬಿ, ಎರಡು ಲೋಟ ಇಡ್ಲಿ ರವೆ ತೊಳೆದು ಹಿಂಡಿ ಸೇರಿಸಿ, ರಾತ್ರಿಯಿಡೀ ಹುಳಿ ಬರಲು ಬಿಡಿ. ಉಪ್ಪು ಹಾಕಿ ಕೊಟ್ಟೆಯ ಮುಕ್ಕಾಲು ಭಾಗ ಮಾತ್ರ ತುಂಬಿಸಬೇಕು, ಬೇಯುವಾಗ ಉಬ್ಬುತ್ತದೆ. ಇಡ್ಲಿಗಿಂತ ಎತ್ತರ ಇರುವುದರಿಂದ ಹಬೆಯಲ್ಲಿ ಅರ್ಧ ಗಂಟೆಯಾದರೂ ಬೇಕು. ಎಲೆ ಹಸಿರು ಹೋಗಿ ಕಂದು ತಿರುಗಿ, ಅಡುಗೆಮನೆ ತುಂಬ ಹಲಸಿನ ಎಲೆಯ ಪರಿಮಳ ಬಂದಾಗ ಒಂದನ್ನು ಬಿಡಿಸಿ ನೋಡಿ. ಎಲೆಯ ನರಗಳ ಗೆರೆ ಕಡುಬಿನ ಮೈಮೇಲೆ ಅಚ್ಚೊತ್ತಿದ ಹಾಗೆ ಬಿದ್ದಿರುತ್ತದೆ. ಮಕ್ಕಳಿಗೆ ಅದನ್ನು ತೋರಿಸಲು ಮರೆಯಬೇಡಿ.

ಕೊಡುವಾಗ ಎಲೆ ಬಿಡಿಸದೆ ಕೊಡಿ, ಕಡ್ಡಿ ಉಂಟು ಅಂತ ಹೇಳಿ ಕೊಡಿ. ಆ ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ನೀವೇ ಕಡ್ಡಿ ತೆಗೆದುಬಿಡುವುದು ಒಳ್ಳೆಯದು.

ಎಲೆಯಲ್ಲೇ ಕೊಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣ ಉಂಟು. ಸ್ಟೀಲ್ ಡಬ್ಬಿಯಲ್ಲಿ ಕೊಟ್ಟರೆ, ಖಾಲಿ ಡಬ್ಬಿ ಹಿಂದೆ ಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ. ಏನಾದರೂ ಮಾಡಿ ತುಂಬಿಸಿ ಕೊಡೋಣ ಅಂದುಕೊಳ್ಳುತ್ತಾರೆ, ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಾದರೆ ಆ ಪುರುಸೊತ್ತು ಸಿಗುವುದಿಲ್ಲ, ಡಬ್ಬಿ ಅಡುಗೆಕಟ್ಟೆಯ ಮೇಲೆ ಕೂತೇ ಇರುತ್ತದೆ. ಆಮೇಲೆ ಲಿಫ್ಟಿನಲ್ಲಿ ಕಂಡಾಗ ಸಂಕೋಚ. ಪರಿಚಯಕ್ಕೆ ಅಂತ ಕೊಟ್ಟದ್ದು ಅವರ ತಲೆ ಮೇಲೊಂದು ಬಾಕಿಯಾಗಿ ಕೂರಬಾರದು. ಎಲೆಗೆ ಆ ತಾಪತ್ರಯ ಇಲ್ಲ, ತಿಂದು ಬಿಸಾಡಿದರೆ ಮುಗಿಯಿತು. ಸಲಿಗೆ ಬೆಳೆದ ಮೇಲೆ ಡಬ್ಬಿಗಳು ತಾವಾಗಿಯೇ ಓಡಾಡುತ್ತವೆ. ಬಿಜೈಯಲ್ಲಿ ನಮ್ಮ ಮಹಡಿಯಲ್ಲಿ ಈಗ ಯಾರ ಡಬ್ಬಿ ಯಾರ ಮನೆಯಲ್ಲಿದೆ ಎಂದು ಯಾರೂ ಕೇಳುವುದಿಲ್ಲ.

ಮೂಡೆಯ ಬಗ್ಗೆಯೂ ನೀವು ಕೇಳಬಹುದು. ಅದೂ ಹೀಗೆ ಎಲೆಯಲ್ಲಿ ಬೇಯುವ ಕಡುಬೇ, ಎಲೆ ಮಾತ್ರ ಕೇದಗೆ ಜಾತಿಯ ಗಿಡದ ಉದ್ದನೆಯದು, ಇಲ್ಲಿ ಮುಂಡೇವು ಅಂತಾರೆ. ಅಂಚಿನ ಮುಳ್ಳು ತೆಗೆದು, ಬೆಂಕಿಯಲ್ಲಿ ಬಾಡಿಸಿ ಸುತ್ತಬೇಕು. ಸಣ್ಣ ಮಕ್ಕಳ ಕೈಗೆ ಅದು ಬೇಡ. ಅಷ್ಟಮಿ ಹತ್ತಿರ ಬಂದಾಗ ಮಂಗಳೂರಿನ ರಥಬೀದಿಯಲ್ಲೂ ಉಡುಪಿಯ ರಥಬೀದಿಯಲ್ಲೂ ಕಟ್ಟಿದ ಮೂಡೆಯನ್ನೇ ರಾಶಿ ಹಾಕಿ ಮಾರುತ್ತಾರೆ. ಚೌಕಾಸಿ ಮಾಡದೆ ತನ್ನಿ, ಅದರ ಹಿಂದೆ ಮುಳ್ಳು ಚುಚ್ಚಿಸಿಕೊಂಡ ಕೈಗಳಿವೆ.

ದೀಪಾವಳಿಗಾದರೆ ಗೂಡುದೀಪ, ಅಂದರೆ ಆಕಾಶಬುಟ್ಟಿ. 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ ದೀಪಾವಳಿಯ ಹೊತ್ತಿಗೆ ಗೂಡುದೀಪ ಸ್ಪರ್ಧೆ ನಡೆಯುತ್ತದೆ, ಮಕ್ಕಳನ್ನು ಕರೆದುಕೊಂಡು ಹೋಗಿ ಒಮ್ಮೆ ತೋರಿಸಿ. ಧಾನ್ಯ ಅಂಟಿಸಿ, ಕಡ್ಡಿ ಪೋಣಿಸಿ ಮಾಡಿದ್ದನ್ನು ನೋಡಿ ಬಂದರೆ ಅಂಗಡಿಯ ಪ್ಲಾಸ್ಟಿಕ್ ಗೂಡು ಅವರಿಗೆ ರುಚಿಸುವುದಿಲ್ಲ. ಮನೆಯಲ್ಲಿ ಮಾಡಲು ಸುಲಭದ ಆಕಾರ ಹೇಳುತ್ತೇನೆ. ಒಂದೇ ಅಳತೆಯ 24 ಬಿದಿರ ಕಡ್ಡಿ, ಒಂದೊಂದು ಸುಮಾರು 20 ಸೆಂಟಿಮೀಟರ್. ನಾಲ್ಕು ನಾಲ್ಕು ಸೇರಿಸಿ ಮೂಲೆಗಳಿಗೆ ನೂಲು ಸುತ್ತಿ ಆರು ಚೌಕ ಮಾಡಿ. ಒಂದು ಕೆಳಗೆ ಮಲಗಲಿ, ಒಂದು ಮೇಲೆ. ಉಳಿದ ನಾಲ್ಕು ಸುತ್ತಲೂ ಮೂಲೆಯ ಮೇಲೆ ನಿಲ್ಲಬೇಕು: ಕೆಳಮೂಲೆ ಕೆಳಗಿನ ಚೌಕದ ಮೂಲೆಗೆ, ಮೇಲಿನದು ಮೇಲಿನ ಚೌಕದ ಮೂಲೆಗೆ, ಎಡಬಲದ ಮೂಲೆಗಳು ಅಕ್ಕಪಕ್ಕದ ಚೌಕಗಳಿಗೆ. ಒಟ್ಟು ಹನ್ನೆರಡು ಕಡೆ ಕಟ್ಟು ಬೀಳುತ್ತದೆ, ಚೌಕಗಳ ನಡುವೆ ಎಂಟು ತ್ರಿಕೋನ ತಾನಾಗಿ ಮೂಡುತ್ತದೆ. ಕಟ್ಟಿ ಮುಗಿಸಿದಾಗ ಗೂಡು ಆಚೀಚೆ ಜೋಲುತ್ತದೆ, ಮಕ್ಕಳು ಹಾಳಾಯಿತು ಅಂತ ಮುಖ ಸಣ್ಣ ಮಾಡುತ್ತಾರೆ. ಗಾಬರಿ ಬೇಡ. ಬಣ್ಣದ ಕಾಗದ ಒಂದೊಂದೇ ಮುಖಕ್ಕೆ ಅಂಟಿಸುತ್ತಾ ಹೋದಂತೆ ಅದು ಬಿಗಿಯುತ್ತದೆ. ಮೇಲಿನ ಚೌಕ ತೆರೆದೇ ಇರಲಿ, ಬಲ್ಬ್ ಇಳಿಸಲು ಬೇಕು.

ಅಂಟಿಗೆ ಮೈದಾ ನೀರಿನಲ್ಲಿ ಕುದಿಸಿದರೆ ಸಾಕು. ಹುಳ ಬಾರದಿರಲಿ ಅಂತ ಕೆಲವರು ಮೈಲುತುತ್ತು ಹಾಕುತ್ತಾರೆ. ಅದು ವಿಷ, ಮಕ್ಕಳು ಕೈ ಹಾಕುವ ಅಂಟಿಗೆ ಖಂಡಿತ ಬೇಡ. ಒಳಗೆ ಹಣತೆ ಇಡುವ ಆಸೆಯನ್ನೂ ಬಿಡಿ, ಫ್ಲ್ಯಾಟಿನ ಬಾಲ್ಕನಿಗೆ ಗಾಳಿ ನುಗ್ಗಿದರೆ ಕಾಗದ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ. ಸಣ್ಣ ಎಲ್‌ಇಡಿ ಬಲ್ಬ್ ಹಾಕಿ. ಇಲ್ಲಿ ದೀಪಾವಳಿಗೂ ಸಂಜೆ ಮಳೆ ಸುರಿಯುವುದುಂಟು, ಹಾಗಾಗಿ ಸಜ್ಜೆಯ ಅಡಿಗೇ ತೂಗುಹಾಕಿ. ಸಾಧ್ಯವಾದರೆ ಎರಡು ಮಾಡಿ, ಒಂದು ಎದುರು ಮನೆಗೆ. ಅಡುಗೆ ತೆಗೆದುಕೊಳ್ಳಲು ಹಿಂಜರಿಯುವವರೂ ಮಗು ಮಾಡಿದ ದೀಪವನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಾರೆ.

ಹಿಂಜರಿಕೆ ಅಂದೆನಲ್ಲ, ಅದನ್ನು ತಪ್ಪು ತಿಳಿಯಬಾರದು. ಇಲ್ಲಿ ಒಂದೇ ಮಹಡಿಯಲ್ಲಿ ನಾಲ್ಕು ಬಗೆಯ ಊಟ ಇರುತ್ತದೆ. ಚಾತುರ್ಮಾಸ್ಯ ವ್ರತ ಹಿಡಿದ ಹಿರಿಯರು ಮೊದಲ ತಿಂಗಳು ತರಕಾರಿ ಬಿಡುತ್ತಾರೆ, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ಕೊನೆಯ ತಿಂಗಳು ಬೇಳೆಕಾಳು. ದೀಪಾವಳಿ ಬರುವುದು ಆ ಕೊನೆಯ ತಿಂಗಳಲ್ಲಿ, ಆಗ ಅವರಿಗೆ ಉದ್ದಿನ ಕಡುಬು ಆಗುವುದಿಲ್ಲ, ಬಾಳೆಹಣ್ಣು ಆಗುತ್ತದೆ. ಕ್ಯಾಥೊಲಿಕ್ ಮನೆಗಳಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬದ ಊಟ ಸಸ್ಯಾಹಾರ, ಹೊಸ ಭತ್ತದ ತೆನೆಯ ಹಬ್ಬ ಅದು. ರಂಜಾನ್ ತಿಂಗಳಲ್ಲಿ ಬ್ಯಾರಿ ಮನೆಗೆ ಮಧ್ಯಾಹ್ನ ತಟ್ಟೆ ಹಿಡಿದು ಹೋಗಬೇಡಿ, ಉಪವಾಸ ಬಿಡುವ ಸಂಜೆಯ ಹೊತ್ತಿಗೆ ಕೊಡಿ. ಮೊದಲ ಸಲ ಎಲ್ಲರಿಗೂ ನಡೆಯುವಂಥದ್ದು ಮಾಡಿ: ಮೊಟ್ಟೆ ಇಲ್ಲ, ಮಾಂಸ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಇಲ್ಲ. "ನೀವು ಏನು ತಿನ್ನುವುದಿಲ್ಲ ಆಂಟಿ?" ಅಂತ ಬಾಗಿಲಲ್ಲೇ ಕೇಳಿದರೆ ಇಲ್ಲಿ ಯಾರೂ ಬೇಸರಿಸುವುದಿಲ್ಲ, ಕೇಳಿದ್ದಕ್ಕೆ ಖುಷಿಪಡುತ್ತಾರೆ. ಶೇಂಗಾ, ಗೋಡಂಬಿ ಹಾಕಿದ್ದರೆ ಹೇಳಿಯೇ ಕೊಡಿ.

ಕಾಯಿಚಟ್ನಿ ಕಳಿಸಬೇಡಿ, ಇಲ್ಲಿಯ ಸೆಕೆಗೆ ಸಂಜೆಯೊಳಗೆ ಹಳಸುತ್ತದೆ. ಗರಿಗರಿ ತಿಂಡಿ ಗಾಳಿಗೆ ಬಿಟ್ಟರೆ ಮೆತ್ತಗಾಗುತ್ತದೆ. ಎರಡನೆಯ ಸಲಕ್ಕೆ ನಿಮ್ಮೂರಿನದ್ದನ್ನೇ ಮಾಡಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ. ನೀರುದೋಸೆ ಇಲ್ಲಿ ಪ್ರತಿ ಮನೆಯಲ್ಲೂ ಉಂಟು, ಕೈಯಲ್ಲಿ ಬಡಿದ ರೊಟ್ಟಿ ಎಲ್ಲಿ ಸಿಗಬೇಕು? ಅದನ್ನು ಕೊಟ್ಟ ದಿನ ಬಡಿಯುವುದು ಹೇಗೆ ಎಂದು ಕೇಳಿಕೊಂಡು ಯಾರಾದರೂ ನಿಮ್ಮ ಅಡುಗೆಮನೆಗೇ ಬಂದಾರು.

ಡಿಸೆಂಬರಿನಲ್ಲಿ ತಟ್ಟೆ ನಿಮ್ಮ ಮನೆಗೆ ಬರುತ್ತದೆ. ಕ್ಯಾಥೊಲಿಕ್ ನೆರೆಯವರು ಕ್ರಿಸ್‌ಮಸ್ಸಿಗೆ ಕುಸ್ವಾರ್ ಹಂಚುತ್ತಾರೆ: ಎಳ್ಳು, ಕೊಬ್ಬರಿ, ಸಕ್ಕರೆ ತುಂಬಿದ ನೆವ್ರಿ, ಹೂವಿನ ಆಕಾರದ ರೋಸ್ ಕುಕ್ಕಿ, ಗುಳಿಯೊ, ಕಿಡಿಯೊ. ಕಿಡಿಯೊ ಮಾಡುವಾಗ ಮಕ್ಕಳ ಕೈ ಬೇಕೇ ಬೇಕು. ತೆಂಗಿನ ಹಾಲಿನಲ್ಲಿ ಕಲಸಿದ ಮೈದಾದ ಸಣ್ಣ ಉಂಡೆಯನ್ನು ಫೋರ್ಕಿನ ಬೆನ್ನಿನ ಮೇಲೆ ಒತ್ತಿ ಸುರುಳಿ ಸುತ್ತಬೇಕು, ಗೆರೆಗೆರೆಯಾಗಿ ಹೊರಳುತ್ತದೆ. ಪಕ್ಕದ ಮನೆಯಲ್ಲಿ ಸುತ್ತಲು ಕೂತಿದ್ದಾರೆ ಅಂತ ಗೊತ್ತಾದರೆ ನಿಮ್ಮ ಮಕ್ಕಳನ್ನೂ ಕಳಿಸಿ, ಯಾರೂ ಬೇಡ ಅನ್ನುವುದಿಲ್ಲ. ನಕ್ಷತ್ರಕ್ಕೆ ಗೂಡುದೀಪದ ಕಡ್ಡಿ, ಅಂಟು ಸಾಕು. ಐದೈದು ಕಡ್ಡಿಯ ಎರಡು ನಕ್ಷತ್ರ ಮಾಡಿ ತುದಿಗಳನ್ನು ಜೋಡಿಸಿ ಕಟ್ಟಿ, ಒಳಮೂಲೆಗಳಲ್ಲಿ ಐದು ಗಿಡ್ಡ ಕಡ್ಡಿ ಸಿಕ್ಕಿಸಿದರೆ ಹೊಟ್ಟೆ ಉಬ್ಬುತ್ತದೆ.

ನಿಮ್ಮ ಸಣ್ಣ ಮಗುವಿಗೆ ಅದಕ್ಕಿಂತ ಒಳ್ಳೆಯ ಕೆಲಸ ಉಂಟು. ಕ್ರಿಸ್‌ಮಸ್ಸಿಗೆ ಹತ್ತು ಹನ್ನೆರಡು ದಿನ ಇರುವಾಗ ಅಗಲ ತಟ್ಟೆಯಲ್ಲಿ ಎರಡು ಬೆರಳು ಮಣ್ಣು ಹಾಕಿ ರಾಗಿ ಚೆಲ್ಲಿ, ದಿನಾ ನೀರು ಚಿಮುಕಿಸಲಿ. ಹಬ್ಬದ ಹೊತ್ತಿಗೆ ತಟ್ಟೆ ತುಂಬ ಎಳೆ ಹಸಿರು. ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯನ್ನು ಗೊಂಬೆಗಳಿಟ್ಟು ಮಾಡುವ ಮನೆಗಳಲ್ಲಿ ಹುಲ್ಲುಗಾವಲಿಗೆ ಅಂಥ ಹಸಿರು ಬೇಕಾಗುತ್ತದೆ. ಮೊದಲೇ ಕೇಳಿಕೊಂಡು ಬೆಳೆಸಿ ಕೊಡಿ. ತಾನು ಬಿತ್ತಿದ ರಾಗಿಯ ಮೇಲೆ ಕುರಿಗಳ ಗೊಂಬೆ ನಿಂತದ್ದನ್ನು ನೋಡಲು ನಿಮ್ಮ ಮಗು ದಿನಕ್ಕೆರಡು ಸಲ ಆ ಮನೆಗೆ ಓಡುತ್ತದೆ, ನೋಡಿ ಬೇಕಾದರೆ.

ಕೊನೆಗೆ ಒಂದು ಮಾತು, ಇದನ್ನು ನೀವು ಕೇಳಿಲ್ಲ. ವರ್ಷದೊಳಗೆ ಸಾವಾದ ಮನೆಯಲ್ಲಿ ಹಬ್ಬ ಮಾಡುವುದಿಲ್ಲ. ಹೊಸಬರಿಗೆ ಅದು ಗೊತ್ತಾಗುವುದಿಲ್ಲ, ಹಂಚಲು ಹೊರಡುವ ಮುಂಚೆ ವಾಚ್‌ಮನ್ ಹತ್ತಿರವೋ ಅಸೋಸಿಯೇಶನ್ನಿನವರ ಹತ್ತಿರವೋ ವಿಚಾರಿಸಿ. ಅಂಥ ಮನೆಯನ್ನು ದಾಟಿ ಮುಂದೆ ಹೋಗಬೇಡಿ. ಸಿಹಿ ಬಿಟ್ಟು ಊಟ ಒಯ್ಯಿರಿ, ಅನ್ನ, ಸಾರು, ಒಂದು ಪಲ್ಯ. ಮಕ್ಕಳನ್ನು ಕಳಿಸದೆ ನೀವೇ ಹೋಗಿ. ಅಲ್ಲಿಗೆ ಮಾತ್ರ ಡಬ್ಬಿಯಲ್ಲೇ ಕೊಡಿ, ಡಬ್ಬಿ ತೆಗೆದುಕೊಂಡು ಹೋಗಲು ನಾನೇ ನಾಳೆ ಬರುತ್ತೇನೆ ಅಂತ ಹೇಳಿ ಬನ್ನಿ. ಮರುದಿನ ಮತ್ತೆ ಆ ಮನೆಗೆ ಹೋಗಿ ಸ್ವಲ್ಪ ಹೊತ್ತು ಕೂತು ಬರಲು ನಿಮಗೊಂದು ನೆಪ ಇರುತ್ತದೆ.