ಕಾರ್ಡಿಗೆ ಸಹಿ ಹಾಕಿದರೆ ಮತ ಹಾಕಿದಂತಲ್ಲ

ಓದುಗರ ಪ್ರಶ್ನೆಗೆ ಉತ್ತರ: ನೌಕರಿ ಮತ್ತು ಕಾನೂನು

ಪ್ರಶ್ನೆ: ನನ್ನ ಮಗ ಅಮೆರಿಕದ ದೊಡ್ಡ ವಿಮಾನ ಕಂಪನಿಯೊಂದರಲ್ಲಿ ಮೆಕ್ಯಾನಿಕ್. ಅಲ್ಲಿ ಈಗಾಗಲೇ ಒಂದು ಯೂನಿಯನ್ ಇದೆ. ಮೆಕ್ಯಾನಿಕ್‌ಗಳದ್ದೇ ಬೇರೆ ಯೂನಿಯನ್ ತರುತ್ತೇವೆಂದು ಕೆಲವರು ಹ್ಯಾಂಗರಿನಲ್ಲಿ (ವಿಮಾನ ದುರಸ್ತಿಯ ಶೆಡ್) ಕಾರ್ಡ್ ಹಂಚುತ್ತಿದ್ದಾರಂತೆ. ಸಹಿ ಹಾಕಿದರೆ ಕಂಪನಿಗೆ ಗೊತ್ತಾಗುತ್ತದೆಯೇ? ಇರುವ ಸಂಬಳ, ಸೌಲಭ್ಯಕ್ಕೆ ಕುತ್ತು ಬರುತ್ತದೆಯೇ?
— ಓದುಗರೊಬ್ಬರು, ಶಿರಸಿ

ಉತ್ತರ: ಸೊಸೈಟಿ ಚುನಾವಣೆಯಲ್ಲಿ ಒಬ್ಬರ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಿದವರು ಮತವನ್ನೂ ಅವರಿಗೇ ಹಾಕಬೇಕೆಂದಿಲ್ಲವಲ್ಲ, ಯೂನಿಯನ್ ಚುನಾವಣೆ ನಡೆಸಲು ಬೆಂಬಲ ತೋರಿಸುವ ಈ ಕಾರ್ಡೂ ಹಾಗೆಯೇ. ಅಮೆರಿಕದಲ್ಲಿ ರೈಲ್ವೆಗೆಂದು 1926ರಲ್ಲಿ ಮಾಡಿದ ರೈಲ್ವೆ ಲೇಬರ್ ಆ್ಯಕ್ಟನ್ನು 1936ರಲ್ಲಿ ವಿಮಾನ ಕಂಪನಿಗಳಿಗೂ ವಿಸ್ತರಿಸಿದರು. ಅದರಡಿ ಚುನಾವಣೆ ನಡೆಸುವುದು ನ್ಯಾಷನಲ್ ಮೀಡಿಯೇಷನ್ ಬೋರ್ಡ್ ಎಂಬ ಸರ್ಕಾರಿ ಸಂಸ್ಥೆ. 2012ರ ತಿದ್ದುಪಡಿಯ ಪ್ರಕಾರ, ಆ ವರ್ಗದ ನೌಕರರಲ್ಲಿ ಕನಿಷ್ಠ ಶೇ. 50ರಷ್ಟು ಜನರ ಕಾರ್ಡ್ ಇದ್ದರೆ ಮಾತ್ರ ಚುನಾವಣೆ. ಈ ಲೆಕ್ಕ ನಿಮ್ಮ ಮಗನ ಹ್ಯಾಂಗರಿನದ್ದಲ್ಲ, ಕಂಪನಿಯ ಎಲ್ಲ ಊರುಗಳ ಮೆಕ್ಯಾನಿಕ್ ವರ್ಗದ್ದು. 9,000 ಜನರಿದ್ದರೆ 4,500 ಕಾರ್ಡ್ ಬೇಕು.

ಎಡವುವುದು ಇಲ್ಲೇ. ಸಹಿಯ ಜೊತೆಗೆ ತಾರೀಖನ್ನೂ ನೌಕರನೇ ತನ್ನ ಕೈಯಾರೆ ಬರೆಯಬೇಕು. ಹಂಚಿದವರು ತಾರೀಖು ತುಂಬಿಕೊಂಡರೆ ಆ ಕಾರ್ಡ್ ಲೆಕ್ಕಕ್ಕಿಲ್ಲ. ಯೂನಿಯನ್‌ನವರು ಬೋರ್ಡಿಗೆ ಚುನಾವಣೆಯ ಅರ್ಜಿ ಹಾಕುವ ದಿನಕ್ಕೆ ಒಂದು ವರ್ಷಕ್ಕಿಂತ ಹಳೆಯದಾದರೂ ಹೋಯಿತು. ಸಂಗ್ರಹ ನಿಧಾನವಾದರೆ ಹೊಸ ಕಾರ್ಡ್ ಬರುತ್ತಿದ್ದಂತೆ ಹಳೆಯವು ಅವಧಿ ಮುಗಿದು ಬಿದ್ದುಹೋಗುತ್ತವೆ. ತೂತು ಕೊಡಪಾನಕ್ಕೆ ನೀರು ತುಂಬಿದ ಹಾಗೆ. ಬೋರ್ಡ್ ಸಹಿ ತಾಳೆ ನೋಡಲು ಕಂಪನಿಯಿಂದ ಮಾದರಿ ಸಹಿಗಳನ್ನು ತರಿಸಿಕೊಳ್ಳುತ್ತದೆ, ಕಾರ್ಡುಗಳನ್ನು ಮಾತ್ರ ಕಂಪನಿಗೆ ತೋರಿಸುವುದಿಲ್ಲ. ಆ ಭಯ ಬೇಡ.

ಚುನಾವಣೆ ನಿಗದಿಯಾದರೆ ಗುಪ್ತ ಸಂಖ್ಯೆಯಿರುವ ಪತ್ರ ಮನೆ ವಿಳಾಸಕ್ಕೆ ಬರುತ್ತದೆ, ಮತ ಹಾಕುವುದು ಇಂಟರ್ನೆಟ್ ಅಥವಾ ಫೋನಿನಲ್ಲಿ. ಮಗ ಮನೆ ಬದಲಿಸಿದ್ದರೆ ಕಂಪನಿಯ ದಾಖಲೆಯಲ್ಲಿ ವಿಳಾಸವನ್ನು ಈಗಲೇ ಸರಿಪಡಿಸಲಿ. 2010ಕ್ಕೆ ಮೊದಲು ಮತ ಹಾಕದವರನ್ನೆಲ್ಲ ‘ಯೂನಿಯನ್ ಬೇಡ’ ಎಂದವರ ಲೆಕ್ಕಕ್ಕೆ ಸೇರಿಸುತ್ತಿದ್ದರು. ಈಗ ಬಿದ್ದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಯಾರಿಗೆ ಬಂತೋ ಅವರು ಗೆದ್ದರು. ಯಾರಿಗೂ ಬಾರದಿದ್ದರೆ ಮೊದಲೆರಡು ಆಯ್ಕೆಗಳ ನಡುವೆ ಮರುಮತದಾನ. ‘ಯಾವ ಯೂನಿಯನ್ನೂ ಬೇಡ’ ಎಂಬುದೂ ಮತಪಟ್ಟಿಯಲ್ಲಿರುವ ಒಂದು ಆಯ್ಕೆ.

ಇನ್ನು ಸಂಬಳ. ಯೂನಿಯನ್ ಬದಲಾದರೂ ಇರುವ ಒಪ್ಪಂದ ಹಾಗೇ ಇರುತ್ತದೆ, ಹೊಸ ಯೂನಿಯನ್ ಅದನ್ನೇ ಹಿಡಿದು ಮುಂದುವರಿಸಬೇಕು. ಈ ಕಾನೂನಿನಡಿ ಒಪ್ಪಂದಕ್ಕೆ ಮುಕ್ತಾಯವಿಲ್ಲ. ಗೊತ್ತಾದ ದಿನದಿಂದ ತಿದ್ದುಪಡಿಗೆ ಬಾಗಿಲು ತೆರೆಯುತ್ತದೆ, ಅಷ್ಟೆ. ಆದರೆ ಎರಡು ಸಂಗತಿಯನ್ನು ಮಗ ವಿಚಾರಿಸಲೇಬೇಕು. ಒಂದು, ಅವನ ಪಿಂಚಣಿ ಕಂಪನಿಯದ್ದೋ, ಈಗಿನ ಯೂನಿಯನ್‌ಗೆ ಸೇರಿದ ನಿಧಿಯದ್ದೋ? ಎರಡನೆಯದಾದರೆ ಮುಂದಿನ ಕಂತು ಎಲ್ಲಿಗೆ ಹೋಗುತ್ತದೆಂಬುದನ್ನು ಹೊಸಬರಿಂದ ಬರಹದಲ್ಲೇ ಪಡೆಯಲಿ. ಇನ್ನೊಂದು, ದೊಡ್ಡ ತಪಾಸಣೆಗಳನ್ನು ಎಲ್ ಸಾಲ್ವಡಾರ್‌ನಂಥ ಹೊರದೇಶಕ್ಕೆ ಕಳಿಸುವುದಕ್ಕೆ ಒಪ್ಪಂದದಲ್ಲಿ ಯಾವ ಮಿತಿಯಿದೆ? ಸಂಬಳದ ಅಂಕಿಗಿಂತ ಮೊದಲು ಓದಬೇಕಾದ ಪುಟ ಅದು ಎಂಬುದು ನಮ್ಮ ದೃಢ ಅಭಿಪ್ರಾಯ. ಕೆಲಸವೇ ಹೊರಗೆ ಹೋದ ಮೇಲೆ ಗಂಟೆಗೆ ಎಷ್ಟು ಎಂಬುದಕ್ಕೆ ಅರ್ಥವಿಲ್ಲ. ಗೆದ್ದ ಯೂನಿಯನ್‌ಗೆ ಮಾನ್ಯತೆ ಸಿಕ್ಕರೆ ಎರಡು ವರ್ಷ ಇನ್ನೊಂದು ಯೂನಿಯನ್ ಅರ್ಜಿ ಹಾಕುವಂತಿಲ್ಲ ಎಂಬುದೂ ನೆನಪಿರಲಿ.

ಪ್ರಶ್ನೆ: ದೊಡ್ಡ ಸಂಘದಲ್ಲಿದ್ದರೇ ಬಲ ಜಾಸ್ತಿಯಲ್ಲವೇ? ಮೆಕ್ಯಾನಿಕ್‌ಗಳು ಪ್ರತ್ಯೇಕ ಯೂನಿಯನ್ ಕೇಳುವುದು ಯಾಕೆ?
— ಐಟಿಐ ವಿದ್ಯಾರ್ಥಿ, ಕುಮಟಾ

ಉತ್ತರ: ಒಂದು ಚಕ್ರ ಬದಲಿಸುವ ಕೆಲಸವನ್ನೇ ನೋಡಿ. ಆಕ್ಸಲ್ ನಟ್ಟನ್ನು ಚಕ್ರ ತಿರುಗಿಸುತ್ತಲೇ ಮೊದಲು ಹೆಚ್ಚಿನ ಟಾರ್ಕಿಗೆ (ತಿರುಚುವ ಬಲಕ್ಕೆ) ಬಿಗಿಯಬೇಕು, ಬೇರಿಂಗ್ ಕೂರಲಿ ಎಂದು. ಆಮೇಲೆ ಸಡಿಲಿಸಿ, ಮತ್ತೆ ತಿರುಗಿಸುತ್ತ ಕಡಿಮೆ ಟಾರ್ಕಿಗೆ ತಂದು ಲಾಕ್ ಹಾಕಬೇಕು. ಮಧ್ಯದ ಹಂತ ಹಾರಿಸಿದರೆ ಬೇರಿಂಗ್ ಕಾಯ್ದು ಹಾಳಾಗುತ್ತದೆ. ಪ್ರಯಾಣಿಕರು ಕಾಯುತ್ತಿರುವಾಗ ‘ಕೆಲಸ ಸರಿಯಾಗಿದೆಯೆಂದು ಬೇಗ ಸಹಿ ಹಾಕು’ ಎಂಬ ಒತ್ತಡ ಬರುವುದು ಮೆಕ್ಯಾನಿಕ್ ಮೇಲೆ, ತಪ್ಪಾದರೆ ಹೋಗುವ ಲೈಸೆನ್ಸೂ ಅವನದ್ದೇ. ಅಮೆರಿಕದ ಹಲವು ಕಂಪನಿಗಳಲ್ಲಿ ನೌಕರ ತನ್ನ ತಪ್ಪನ್ನು ತಾನೇ ವರದಿ ಮಾಡುವ ವ್ಯವಸ್ಥೆಯಿದೆ. ಆ ವರದಿ ನೋಡುವ ಸಮಿತಿಯಲ್ಲಿ ಮೂವರು: ಸರ್ಕಾರದ ವಿಮಾನಯಾನ ಇಲಾಖೆಯವರು, ಕಂಪನಿಯವರು, ಯೂನಿಯನ್‌ನವರು. ಆ ಮೂರನೆಯ ಕುರ್ಚಿಯಲ್ಲಿ ಟಾರ್ಕ್ ರೆಂಚ್ ಹಿಡಿದು ಗೊತ್ತಿರುವವರೇ ಕೂರಬೇಕೆಂಬ ಆಸೆ ನ್ಯಾಯವಾದದ್ದು.

ನೀವು ಹೇಳುವ ಬಲದ ಮಾತೂ ಸುಳ್ಳಲ್ಲ. ನಾರ್ತ್‌ವೆಸ್ಟ್ ಏರ್‌ಲೈನ್ಸಿನ ಮೆಕ್ಯಾನಿಕ್‌ಗಳು 1998ರಲ್ಲಿ ದೊಡ್ಡದಾದ ಮಷಿನಿಸ್ಟ್ಸ್ ಯೂನಿಯನ್ ಬಿಟ್ಟು, ಮೆಕ್ಯಾನಿಕ್‌ಗಳದ್ದೇ ಆದ ಆಮ್ಫಾ ಸಂಘವನ್ನು ಆರಿಸಿಕೊಂಡರು. 2001ರ ಒಪ್ಪಂದದಲ್ಲಿ ಒಳ್ಳೆಯ ಏರಿಕೆಯೂ ಸಿಕ್ಕಿತು. 2005ರಲ್ಲಿ ಕಂಪನಿ ಸುಮಾರು ಅರ್ಧ ಕೆಲಸ, ಕಾಲು ಭಾಗ ಸಂಬಳ ಕಡಿಯಲು ಹೊರಟಿತು; ಆಗಸ್ಟ್ 20ರಂದು ಮುಷ್ಕರ ಶುರುವಾಯಿತು. ಕಂಪನಿ ಬದಲಿ ಜನರನ್ನು ಮೊದಲೇ ತಯಾರು ಮಾಡಿಟ್ಟುಕೊಂಡಿತ್ತು. ಪೈಲಟ್‌ಗಳೂ ಮಷಿನಿಸ್ಟ್ಸ್ ಯೂನಿಯನ್‌ನವರೂ ಕೆಲಸಕ್ಕೆ ಹೋದರು, ವಿಮಾನಗಳು ಹಾರಿದವು. ಹಳೆಯ ಸಂಘವನ್ನು ತೊರೆದಾಗ ಆದ ಗಾಯ ಏಳು ವರ್ಷವಾದರೂ ಮಾಯ್ದಿರಲಿಲ್ಲ. ಹಾಗೆಂದು ಚಿಕ್ಕ ಸಂಘ ಸೋಲುತ್ತದೆಂದು ತೀರ್ಮಾನಿಸಬೇಡಿ: ಅಲಾಸ್ಕಾ, ಸೌತ್‌ವೆಸ್ಟ್ ಕಂಪನಿಗಳ ಮೆಕ್ಯಾನಿಕ್‌ಗಳು ಆಮ್ಫಾದಲ್ಲೇ ಇದ್ದಾರೆ. ಯುನೈಟೆಡ್‌ನವರು 2003ರಲ್ಲಿ ಆಮ್ಫಾಗೆ ಬಂದು 2008ರಲ್ಲಿ ಟೀಮ್‌ಸ್ಟರ್ಸ್ ಎಂಬ ದೊಡ್ಡ ಯೂನಿಯನ್‌ಗೆ ಹೋದರು. ಪಕ್ಕದ ಯೂನಿಯನ್ ಜೊತೆ ಮಾತುಕತೆ ಉಳಿಸಿಕೊಂಡಿದ್ದಾರೆಯೇ, ಮುಷ್ಕರ ನಿಧಿಯಲ್ಲಿ ಎಷ್ಟಿದೆ ಎಂದು ಕೇಳಿ.

ಪ್ರಶ್ನೆ: ನೌಕಾಪಡೆಯಲ್ಲಿ 15 ವರ್ಷ ವಿಮಾನ ದುರಸ್ತಿ ಮಾಡಿ ನಿವೃತ್ತನಾಗಿ, ಗೋವಾದಲ್ಲಿ ಖಾಸಗಿ ಕಂಪನಿಗೆ ಟೆಕ್ನಿಷಿಯನ್ ಆಗಿ ಸೇರಿದ್ದೇನೆ. ಎರಡು ಯೂನಿಯನ್‌ನವರು ಕರೆಯುತ್ತಿದ್ದಾರೆ. ಪಡೆಯಲ್ಲಿ ಇದೊಂದೂ ಇರಲಿಲ್ಲ.
— ಓದುಗರೊಬ್ಬರು, ಕಾರವಾರ

ಉತ್ತರ: ಸೇನೆಯಲ್ಲಿದ್ದವರಿಗೆ ಇಲ್ಲದ ಹಕ್ಕು ಈಗ ನಿಮಗಿದೆ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಂತೆ, ಹಾಜರಿ ಪಟ್ಟಿಯಲ್ಲಿರುವ ಕಾರ್ಮಿಕರಲ್ಲಿ ಶೇ. 51 ಬೆಂಬಲವಿರುವ ಯೂನಿಯನ್ ಒಂದೇ ಮಾತುಕತೆ ನಡೆಸುತ್ತದೆ. ಯಾರಿಗೂ ಅಷ್ಟಿಲ್ಲದಿದ್ದರೆ ಶೇ. 20 ಮುಟ್ಟಿದವರೆಲ್ಲ ಸೇರಿದ ಮಂಡಳಿ ಕೂರುತ್ತದೆ. ಹಾಗಾಗಿ ಎರಡೂ ಕಡೆಯವರ ಬಳಿ ಸದಸ್ಯರ ಸಂಖ್ಯೆ ಕೇಳಿ, ಶೇ. 20 ಮುಟ್ಟದವರಿಗೆ ಆ ಮೇಜಿನಲ್ಲಿ ಜಾಗವಿಲ್ಲ. ಮೇಲ್ವಿಚಾರಕರಾಗಿದ್ದು ತಿಂಗಳಿಗೆ 18,000 ರೂಪಾಯಿ ಮೀರಿದ ಸಂಬಳ ಪಡೆಯುವವರು ಸಂಹಿತೆಯ ‘ಕಾರ್ಮಿಕ’ರಲ್ಲ. ಆದರೆ ನೋಡುವುದು ಹುದ್ದೆಯ ಹೆಸರನ್ನಲ್ಲ, ದಿನಾ ಮಾಡುವ ಕೆಲಸವನ್ನು. ಸ್ಪ್ಯಾನರ್ ಹಿಡಿಯುವವರಿಗೆ ತೊಂದರೆಯಿಲ್ಲ.

ಒಂದು ಎಚ್ಚರಿಕೆ. ಮುಷ್ಕರಕ್ಕೆ 14 ದಿನಗಳ ನೋಟಿಸ್ ಕಡ್ಡಾಯ. ಅರ್ಧದಷ್ಟು ಜನ ಮಾತಾಡಿಕೊಂಡು ಒಂದೇ ದಿನ ಕ್ಯಾಶುಯಲ್ ರಜೆ ಹಾಕಿದರೂ ಅದು ಮುಷ್ಕರವೇ. ವಿಮಾನಯಾನ ಕೇಂದ್ರದ ವ್ಯಾಪ್ತಿಗೆ ಬರುವುದರಿಂದ ದೂರನ್ನು ರಾಜ್ಯದ ಕಾರ್ಮಿಕ ಇಲಾಖೆಗೆ ಕೊಟ್ಟು ತಿಂಗಳುಗಟ್ಟಲೆ ಕಾಯಬೇಡಿ, ಕೇಂದ್ರ ಕಾರ್ಮಿಕ ಆಯುಕ್ತರ ಗೋವಾ ವ್ಯಾಪ್ತಿಯ ಅಧಿಕಾರಿಗೆ ಕೊಡಿ. ಅದಕ್ಕೂ ಮೊದಲು ಸಂಬಳದ ಚೀಟಿ ತೆಗೆದು ನೋಡಿ: ಅದರ ಮೇಲಿರುವುದು ಕಂಪನಿಯ ಹೆಸರೋ, ಗುತ್ತಿಗೆದಾರನದ್ದೋ? ನಿಮ್ಮ ಹೆಸರು ಯಾರ ಹಾಜರಿ ಪಟ್ಟಿಯಲ್ಲಿದೆಯೋ ಶೇ. 51ರ ಎಣಿಕೆಯೂ ಅಲ್ಲೇ.