ಸ್ಟಾರ್ಟಪ್‌ಗೆ ಹುಬ್ಬಳ್ಳಿಯೋ ಬೆಂಗಳೂರೋ? ಎಲ್ಲಿ ಸರ್ಕಾರದ ಸಬ್ಸಿಡಿ ಜಾಸ್ತಿ?

ಸಬ್ಸಿಡಿ ನೋಡಿ ಊರು ಆರಿಸಬೇಡಿ. ಹುಬ್ಬಳ್ಳಿಯಲ್ಲಿ ಕಂಪನಿ ಶುರು ಮಾಡುವಾಗ ನನ್ನ ತಲೆಯಲ್ಲೂ ಇದೇ ಲೆಕ್ಕ ಓಡುತ್ತಿತ್ತು.

ರೈತರು ಹೊಲದ ಪಂಪ್‌ಸೆಟ್ಟನ್ನು ಮೊಬೈಲಿನಿಂದಲೇ ಆನ್, ಆಫ್ ಮಾಡುವಂಥ ಪೆಟ್ಟಿಗೆ ನಮ್ಮದು. ರಾಜ್ಯದ 2015ರ ಸ್ಟಾರ್ಟಪ್ ನೀತಿಯಲ್ಲಿ ಒಂದು ಅವಕಾಶ ಇತ್ತು: ವಿದೇಶದ ಮೇಳಗಳಲ್ಲಿ ಮಾರ್ಕೆಟಿಂಗ್‌ಗೆ ಮಾಡಿದ ಖರ್ಚಿನಲ್ಲಿ ಶೇ 30ರಷ್ಟು, ವರ್ಷಕ್ಕೆ 5 ಲಕ್ಷದವರೆಗೆ ವಾಪಸ್. ದುಬೈಯ ಮೇಳವೊಂದರಲ್ಲಿ ಮಳಿಗೆ ಹಿಡಿದೆವು. ವಾಪಸ್ ಬರುವ ದುಡ್ಡಿನಲ್ಲಿ ಮುಂದಿನ ಬ್ಯಾಚಿನ ಸರ್ಕ್ಯೂಟ್ ಬೋರ್ಡ್ ತರಿಸೋಣ ಅಂತ ಆಗಲೇ ಆರ್ಡರ್ ಕೊಟ್ಟುಬಿಟ್ಟೆ.

ತಪ್ಪಾಗಿದ್ದು ಮಳಿಗೆಯ ಬಾಡಿಗೆ ಕಟ್ಟುವಾಗ. ಕಂಪನಿಯ ಕಾರ್ಡಿನಲ್ಲಿ ವಿದೇಶಿ ಪಾವತಿ ಆನ್ ಆಗಿರಲಿಲ್ಲ. ಬ್ಯಾಂಕಿಗೆ ಹೋಗಿ ಅರ್ಜಿ ಕೊಡಬೇಕಿತ್ತು, ಮಳಿಗೆ ಕಾಯ್ದಿರಿಸುವ ಕೊನೆಯ ದಿನ ಹತ್ತಿರವಾಗಿತ್ತು. ನನ್ನ ಸ್ವಂತ ಕಾರ್ಡ್ ಉಜ್ಜಿದೆ. ಕಾರ್ಡಿನ ಮೇಲಿದ್ದ ಹೆಸರೇ ಬಿಲ್ಲಿಗೂ ಬಂತು. ವಿಮಾನದ ಟಿಕೆಟ್, ಹೋಟೆಲು ಎಲ್ಲ ಹಾಗೇ. ಕಂಪನಿ ನಂದೇ, ದುಡ್ಡೂ ನಂದೇ, ಏನು ವ್ಯತ್ಯಾಸ ಅಂತ ಅಂದುಕೊಂಡಿದ್ದೆ. ವ್ಯತ್ಯಾಸ ಇದೆ. ಪ್ರೈವೇಟ್ ಲಿಮಿಟೆಡ್ ಕಂಪನಿ ಕಾನೂನಿನ ಕಣ್ಣಿಗೆ ಬೇರೆಯೇ ವ್ಯಕ್ತಿ. ಸಹಾಯ ಸಿಗುವುದು ಆ ವ್ಯಕ್ತಿಗೆ, ಖರ್ಚು ಮಾಡಿರಬೇಕಾದ್ದೂ ಅದೇ. ಬಿಲ್ಲಿನಲ್ಲಿ ಕಂಪನಿ ಹೆಸರಿಲ್ಲ, ಕಂಪನಿಯ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಆ ಪಾವತಿಯ ಸಾಲೂ ಇಲ್ಲ. ಆಮೇಲೆ ಕಂಪನಿ ಖಾತೆಯಿಂದ ನನ್ನ ಖಾತೆಗೆ ದುಡ್ಡು ಹಾಕಿಸಿ, ಆಡಿಟರ್ ಕೈಯಲ್ಲಿ ಪ್ರಮಾಣಪತ್ರ ಬರೆಸಿ ಕೊಟ್ಟೆ. ಆದರೂ ಕ್ಲೇಮ್ ತಿರಸ್ಕಾರವಾಗಿ ವಾಪಸ್ ಬಂತು. ಸರ್ಕ್ಯೂಟ್ ಬೋರ್ಡ್ ಕಳಿಸಿದವರಿಗೆ ಕೊಡಬೇಕಾದ ದುಡ್ಡನ್ನು ಸಂಬಳದ ದುಡ್ಡಿನಿಂದ ಕೊಟ್ಟೆ. ಮರುತಿಂಗಳು ಸಂಬಳ ತಡವಾಯಿತು. ನಮ್ಮ ಒಳ್ಳೆಯ ಹಾರ್ಡ್‌ವೇರ್ ಹುಡುಗ ಬೆಂಗಳೂರಿನ ಕೆಲಸಕ್ಕೆ ಹೊರಟುಹೋದ. ಅವನನ್ನು ನಾನು ದೂರುವುದಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಜಾಗದಿಂದ ಶುರುವಾಗಿದೆ ಅನ್ನಿಸುತ್ತೆ. ರಾಜ್ಯ ಸರ್ಕಾರ 'ಬಿಯಾಂಡ್ ಬೆಂಗಳೂರು' (ಬೆಂಗಳೂರಿನಾಚೆ) ಅಂತ ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ-ಬೆಳಗಾವಿ ಕಡೆಗೆ ಉದ್ಯಮ ಸೆಳೆಯುತ್ತಿರುವುದು ಒಳ್ಳೆಯದೇ. ಆದರೆ ಇಂಥ ನೀತಿಗಳಲ್ಲಿ ಬಹಳಷ್ಟು ಸಹಾಯ ಸಿಗುವುದು ಖರ್ಚು ಮಾಡಿದ ಮೇಲೆ. ಮೊದಲು ಖರ್ಚು ಮಾಡಲು ನಿಮ್ಮ ಹತ್ತಿರ ದುಡ್ಡಿರಬೇಕು, ಅಲ್ವಾ? ಸ್ಟಾರ್ಟಪ್‌ಗಳಿಗೆ ರಾಜ್ಯ ಸರ್ಕಾರ ಕೊಡುವ ಎಲಿವೇಟ್‌ನಂಥ ಗ್ರ್ಯಾಂಟ್ ಬೇರೆ ಥರ. ಅದರಲ್ಲಿ 50 ಲಕ್ಷದವರೆಗೆ ಸಿಗಬಹುದು, ಕಂಪನಿಯಲ್ಲಿ ಪಾಲು ಕೇಳುವುದಿಲ್ಲ. ಅದಕ್ಕೂ ಸ್ಪರ್ಧೆಯಲ್ಲಿ ಗೆಲ್ಲಬೇಕು, ದುಡ್ಡು ಕಂತಿನಲ್ಲಿ ಬರುತ್ತೆ.

ಬೆಂಗಳೂರು ಬೆಳೆದದ್ದು ಚೆಕ್ ಹಂಚಿದ್ದರಿಂದಲ್ಲ. 1976ರಲ್ಲಿ ಹುಟ್ಟಿದ, ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್ ಊರಾಚೆ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿ ಕಟ್ಟಿತು. ನಿಗಮದ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗಾ ಅವರ ಕನಸು ಅದು. ಆಗ ಇನ್ನೂ ಅಲ್ಲಿಗೆ ಬರಲು ಕಂಪನಿಗಳ ಸಾಲು ನಿಂತಿರಲಿಲ್ಲ. 1991ರಲ್ಲಿ ಕಂಪನಿಗಳಿಗೆ ಹಂಚಿಕೊಳ್ಳುವ ಉಪಗ್ರಹ ಸಂಪರ್ಕ ಒದಗಿಸುವ ಕೇಂದ್ರದ ಸಂಸ್ಥೆ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಬಂದ ಮೇಲೆ ಸ್ವಂತ ಉಪಗ್ರಹ ಸಂಪರ್ಕ ಇಲ್ಲದ ಚಿಕ್ಕ ಕಂಪನಿಯೂ ಹೊರದೇಶಕ್ಕೆ ಕೆಲಸ ಕಳಿಸುವಂತಾಯಿತು. ರಾಜ್ಯದ ಐಟಿ ನೀತಿ ಬಂದದ್ದು 1997ರಲ್ಲಿ. ಜಾಗ, ರಸ್ತೆ, ಸಂಪರ್ಕ, ಜೊತೆಗೆ ಸುತ್ತಮುತ್ತಲ ಎಂಜಿನಿಯರಿಂಗ್ ಕಾಲೇಜುಗಳ ಹುಡುಗರು. ಹುಬ್ಬಳ್ಳಿಗೆ ನಾನು ಕೇಳುವುದೂ ಇದನ್ನೇ, ಅದೂ ಜೋರಾಗಿ ಕೇಳುತ್ತೇನೆ.

ನೀತಿಗಳಲ್ಲಿ ನನಗೆ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಯಾರೂ ಗಮನಿಸದ ಒಂದು ಸಾಲು. ಮಾನ್ಯತೆ ಪಡೆದ ಸ್ಟಾರ್ಟಪ್‌ಗಳಿಗೆ ಸರ್ಕಾರಿ ಖರೀದಿಯಲ್ಲಿ ಹಿಂದಿನ ಅನುಭವ, ವಹಿವಾಟಿನ ಷರತ್ತು ಸಡಿಲಿಸಲು ಅವಕಾಶ ಇದೆ. ಆ ದಾರಿಯಿಂದ ಸಿಕ್ಕ ಒಂದು ಚಿಕ್ಕ ಆರ್ಡರ್ ತೋರಿಸಿಯೇ ಮುಂದಿನ ಗಿರಾಕಿಗಳನ್ನು ಹಿಡಿದೆವು. ಸಬ್ಸಿಡಿ ಒಂದು ಸಲ ಬರುತ್ತೆ, ಗಿರಾಕಿ ಮತ್ತೆ ಬರುತ್ತಾನೆ.

ನಿಮ್ಮ ಮೊದಲ ಗಿರಾಕಿಗಳು ಧಾರವಾಡ, ಗದಗ, ಹಾವೇರಿ ಕಡೆಯವರಾದರೆ ಹುಬ್ಬಳ್ಳಿ ಬಿಡಬೇಡಿ. ದೊಡ್ಡ ಬ್ಯಾಂಕು, ಬಹುರಾಷ್ಟ್ರೀಯ ಕಂಪನಿಗೆ ಮಾರುವುದಾದರೆ ಸುಮ್ನೆ ಬೆಂಗಳೂರಿಗೆ ಹೋಗಿ. ಎಲ್ಲಿದ್ದರೂ ಕಂಪನಿ ನೋಂದಣಿಯಾದ ಕೂಡಲೇ ಕರೆಂಟ್ ಅಕೌಂಟ್ ತೆರೆಯಿರಿ, ವಿದೇಶಿ ಪಾವತಿ ಆನ್ ಮಾಡಿಸಿ, ಪ್ರತಿ ಬಿಲ್ಲಿನಲ್ಲೂ ಕಂಪನಿ ಹೆಸರು, ಜಿಎಸ್‌ಟಿ ನಂಬರು ಇದೆಯಾ ನೋಡಿ. ಆಮೇಲೆ ಯೋಜನೆಯ ಬಣ್ಣದ ಕೈಪಿಡಿ ಬದಿಗಿಟ್ಟು ಸರ್ಕಾರಿ ಆದೇಶ ತೆಗೆಯಿರಿ, ಯಾವ ದಾಖಲೆ ಕೇಳುತ್ತಾರೆ ಅನ್ನುವ ಪುಟದಿಂದ ಓದಲು ಶುರು ಮಾಡಿ.