ಮೂಗಿನ ಸ್ಪ್ರೇ: ಹೆದರಬೇಕಾದ ಬಾಟಲಿ ಯಾವುದು?

ಪ್ರಶ್ನೆ: ನಾನು 36 ವರ್ಷದ ಶಾಲಾ ಶಿಕ್ಷಕಿ. ಬೆಳಗ್ಗೆ ಎದ್ದ ಕೂಡಲೇ ಸಾಲು ಸೀನು, ಮೂಗಿನಲ್ಲಿ ತುರಿಕೆ. ರಾತ್ರಿಯಾದರೆ ಮೂಗು ಕಟ್ಟುತ್ತದೆ. ಅಲರ್ಜಿ ಎಂದ ವೈದ್ಯರು ಫ್ಲುಟಿಕಾಸೋನ್ ಸ್ಪ್ರೇ ಬರೆದುಕೊಟ್ಟರು. ನಾಲ್ಕು ದಿನ ಬಳಸಿದರೂ ಗುಣ ಕಾಣಲಿಲ್ಲ, ಒಮ್ಮೆ ರಕ್ತದ ಎಳೆಯೂ ಬಂತು. ಅದು ಸ್ಟಿರಾಯ್ಡ್ ಎಂದು ತಿಳಿದು ಮನೆಯವರು ಬಿಡಿಸಿದರು. ಈಗ ಎರಡು ತಿಂಗಳಿಂದ ಔಷಧಿ ಅಂಗಡಿಯವರು ಕೊಟ್ಟ ಆಕ್ಸಿಮೆಟಜೋಲಿನ್ ಹನಿ ಹಾಕುತ್ತಿದ್ದೇನೆ. ಅದಿಲ್ಲದೆ ನಿದ್ರೆಯೇ ಬರುವುದಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ತುಮಕೂರು

ಉತ್ತರ: ನಿಮ್ಮ ಮನೆಯವರ ಕಾಳಜಿ ಸಹಜವೇ, ಆದರೆ ಅವರು ಹೆದರಿದ್ದು ತಪ್ಪು ಬಾಟಲಿಗೆ. ಚಟ ಹತ್ತಿಸುವುದು ಆ ಹನಿ. ಅದು ಮೂಗಿನೊಳಗಿನ ಉಬ್ಬಿದ ರಕ್ತನಾಳಗಳನ್ನು ತಾತ್ಕಾಲಿಕವಾಗಿ ಕುಗ್ಗಿಸುವುದರಿಂದ ಕೂಡಲೇ ಉಸಿರಾಟ ಸರಾಗವಾಗುತ್ತದೆ. ಮೂರರಿಂದ ಐದು ದಿನಗಳಾಚೆಗೂ ಬಳಸಿದರೆ, ಪ್ರಭಾವ ಇಳಿದಾಗಲೆಲ್ಲ ನಾಳಗಳು ಮತ್ತಷ್ಟು ಉಬ್ಬಿ, ಮೂಗು ಕಟ್ಟುವುದಕ್ಕೆ ಆ ಔಷಧಿಯೇ ಕಾರಣವಾಗುತ್ತದೆ.

ಸ್ಟಿರಾಯ್ಡ್ ಸ್ಪ್ರೇ ಹಾಗಲ್ಲ. ಅದು ಅಲರ್ಜಿಯ ಉರಿಯೂತವನ್ನೇ ನಿಧಾನವಾಗಿ ತಗ್ಗಿಸುವುದರಿಂದ ಪೂರ್ಣ ಪರಿಣಾಮ ಕಾಣಲು ಒಂದೆರಡು ವಾರ ಪ್ರತಿದಿನವೂ ತಪ್ಪದೆ ಬಳಸಬೇಕು; ನಾಲ್ಕೇ ದಿನಕ್ಕೆ ತೀರ್ಪು ಕೊಡುವುದು ಅವಸರವಾಯಿತು. ವಯಸ್ಕರಿಗೆ ಆರಂಭದಲ್ಲಿ ಸಾಮಾನ್ಯವಾಗಿ ಕೊಡುವುದು ದಿನಕ್ಕೆ 200 ಮೈಕ್ರೋಗ್ರಾಂ, ಅಂದರೆ ಮಿಲಿಗ್ರಾಂನ ಐದನೆಯ ಒಂದು ಪಾಲು. ನುಂಗಿದ ಅಂಶವನ್ನು ಯಕೃತ್ತು ಬಹುಪಾಲು ನಿಷ್ಕ್ರಿಯಗೊಳಿಸುವುದರಿಂದ ರಕ್ತಕ್ಕೆ ಸೇರುವುದು ಶೇ 2ಕ್ಕಿಂತ ಕಡಿಮೆ. ಸ್ಟಿರಾಯ್ಡ್ ಮಾತ್ರೆಗಳ ದುಷ್ಪರಿಣಾಮಗಳನ್ನು ಇದಕ್ಕೂ ಅಂಟಿಸುವುದು ಸರಿಯಲ್ಲ.

ರಕ್ತದ ಎಳೆಗೆ ಬಹುಶಃ ಸಿಂಪಡಿಸುವ ರೀತಿ ಕಾರಣ. ತಲೆ ಹಿಂದಕ್ಕೆ ಎತ್ತಿ, ನಳಿಕೆಯನ್ನು ಮೂಗಿನ ನಡುಗೋಡೆಗೆ ಒತ್ತಿ, ಜೋರಾಗಿ ಎಳೆದುಕೊಳ್ಳುವವರೇ ಹೆಚ್ಚು; ಆಗ ಔಷಧಿ ಗಂಟಲಿಗೆ ಇಳಿಯುತ್ತದೆ, ನಡುಗೋಡೆಯ ತೆಳುಪೊರೆ ಒಣಗಿ ಬಿರಿಯುತ್ತದೆ. ಮೊದಲು ಮೂಗಿನ ಸಿಂಬಳ ತೆಗೆದು, ಬಾಟಲಿ ಕುಲುಕಿ, ತಲೆಯನ್ನು ತುಸು ಮುಂದಕ್ಕೆ ಬಾಗಿಸಿ. ಬಲಹೊಳ್ಳೆಗೆ ಎಡಗೈಯಿಂದ, ಎಡಹೊಳ್ಳೆಗೆ ಬಲಗೈಯಿಂದ ಸಿಂಪಡಿಸಿದರೆ ನಳಿಕೆ ತಾನಾಗಿಯೇ ಕಿವಿಯ ಕಡೆಗೆ ತಿರುಗುತ್ತದೆ. ಮೆಲ್ಲಗೆ ಉಸಿರೆಳೆದರೆ ಸಾಕು.

ಹನಿಯನ್ನು ಬಿಡಲು, ವೈದ್ಯರನ್ನು ಕೇಳಿ ಸ್ಪ್ರೇಯನ್ನು ಮತ್ತೆ ಆರಂಭಿಸಿ. ಮೊದಲು ಒಂದು ಹೊಳ್ಳೆಗೆ ಹನಿ ನಿಲ್ಲಿಸಿ, ಅದು ಸಡಿಲವಾದ ಮೇಲೆ ಇನ್ನೊಂದಕ್ಕೂ ನಿಲ್ಲಿಸಿ. ಕೆಲವು ರಾತ್ರಿ ಕಷ್ಟವಾದೀತು, ತಡೆದುಕೊಳ್ಳಬೇಕು.

ಗ್ಲಾಕೋಮಾ (ಕಣ್ಣಿನ ನರಕ್ಕೆ ಹಾನಿ ಮಾಡುವ ಕಾಯಿಲೆ) ಅಥವಾ ಕಣ್ಣಿನ ಪೊರೆ ಇದ್ದರೆ, ಇತ್ತೀಚೆಗೆ ಮೂಗಿನ ಶಸ್ತ್ರಚಿಕಿತ್ಸೆಯಾಗಿದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಿ. ರಕ್ತ ಮರುಕಳಿಸಿದರೆ, ಅಥವಾ ಒಂದೇ ಹೊಳ್ಳೆ ಸದಾ ಕಟ್ಟಿಕೊಂಡಿದ್ದರೆ ಕಿವಿ-ಮೂಗು-ಗಂಟಲು ತಜ್ಞರು ನೋಡಲೇಬೇಕು. ತಿಂಗಳಾದರೂ ಗುಣ ಕಾಣದಿದ್ದರೆ ಬಾಟಲಿಯನ್ನು ಜೊತೆಗೇ ಒಯ್ದು, ವೈದ್ಯರ ಎದುರಿನಲ್ಲೇ ಒಮ್ಮೆ ಸಿಂಪಡಿಸಿ ತೋರಿಸಿ.